ಎಡಕ್ಕೆ ತಗ್ಗಿದ ಸೀಟು

ಹಳೆಯ ಡೋಜರ್ ಕೊಳ್ಳಲು ಹೊರಟವರು ಈಗಲೂ ಒಮ್ಮೊಮ್ಮೆ ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಗೆ ಬರುತ್ತಾರೆ. ಮೊಬೈಲಿನಲ್ಲಿ ಫೋಟೋ ತೋರಿಸಿ, "ಮಿಸ್ತ್ರಿ ಕಾಕಾ, ಬಣ್ಣ ಛಲೋ ಅದ, ಮೀಟರ್ ಭಾಳ ಓಡಿಲ್ಲ. ತಗೊಳ್ಳೇನ್ರಿ?" ಎಂದು ಕೇಳುತ್ತಾರೆ. ಬಣ್ಣ ನೋಡಿ ಡೋಜರ್ ಕೊಳ್ಳುವವರು ಪೌಡರ್ ನೋಡಿ ವಯಸ್ಸು ಹೇಳುವವರು. ಮೀಟರಿನ ಮಾತಂತೂ ಬೇಡವೇ ಬೇಡ. ಅದರ ತಂತಿ ಕಳಚಿಟ್ಟು ವರ್ಷಗಟ್ಟಲೆ ದುಡಿಸಿದ ಮಷೀನುಗಳನ್ನು ನಾನು ಬಿಚ್ಚಿ ನೋಡಿದ್ದೇನೆ.

ಬೀದರಿನ ಒಂದು ಗ್ಯಾರೇಜಿಗೆ ಹೆಲ್ಪರ್ ಆಗಿ ಸೇರಿ ಹೆಡ್ ಮಿಸ್ತ್ರಿಯಾಗಿ ಹೊರಬಿದ್ದವನು ನಾನು. ನಡುವಿನ ಬಡ್ತಿಗಳ ಕಥೆ ನನ್ನ ಹೆಂಡತಿಗೇ ಬೇಡ, ನಿಮಗೇಕೆ? ಈಗಿನ ಮಷೀನುಗಳಿಗೆ ಕಂಪ್ಯೂಟರ್ ಜೋಡಿಸಿದರೆ ತಮ್ಮ ರೋಗವನ್ನು ತಾವೇ ಹೇಳುತ್ತವಂತೆ. ನಮ್ಮ ಕಾಲದವು ಹೇಳುತ್ತಿರಲಿಲ್ಲ. ಅವುಗಳ ಮೈ ಮುಟ್ಟಿ, ಮೂಸಿ, ಕಿವಿಗೊಟ್ಟು ತಿಳಿಯಬೇಕಿತ್ತು.

ನನಗೆ ಕಲಿಸಿದ ಉಸ್ತಾದರು ಮಾಲೀಕನಿಗೆ ಸಲಾಂ ಹೊಡೆಯುವ ಮೊದಲು ಇಂಜಿನ್ನಿನ ಮೇಲೆ ಕೈಯಿಡುತ್ತಿದ್ದರು. "ಬೆಚ್ಚಗ ಇತ್ತಂದ್ರ ನಾವ್ ಬರೋದ್ರಾಗೇ ಚಾಲೂ ಮಾಡಿ ಇಟ್ಟಾರಂತ ತಿಳಕೋ. ತಣ್ಣಗಿದ್ದಾಗ ಚಾಲೂ ಆಗಲಾರದ್ದಕ್ಕೇ ಹಾಂಗ ಮಾಡಿರ್ತಾರ" ಎನ್ನುತ್ತಿದ್ದರು. ಚಹಾ ಕುಡಿಯಲು ಕರೆದರೆ, ಮಷೀನು ನೋಡಿದ ಮೇಲೆ ಎನ್ನುತ್ತಿದ್ದರು. ಮಾರುವವರ ಚಹಾ ಕುಡಿದ ಮೇಲೆ ಬಾಯಿಂದ ಕೆಟ್ಟ ಮಾತು ಹೊರಡುವುದಿಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕ ಸರಿಯೆಂದು ನನಗೂ ಆಮೇಲೆ ತಿಳಿಯಿತು.

ನಮ್ಮ ಕಡೆ ಇನ್ನೊಂದು ಉಪಾಯವಿತ್ತು. ಭಾಲ್ಕಿಯಲ್ಲಿ ಒಂದು ಡೋಜರ್ ನೋಡಲು ಹೋಗಿದ್ದೆ. ಕೊಳ್ಳುವವರು ಕಾಶಿನಾಥ, ಅದೇ ಊರಿನ ಮಣ್ಣುಕೆಲಸದ ಗುತ್ತಿಗೆದಾರರು. ಮಾರುವವರು ಬೆಳಿಗ್ಗೆಯೇ ಪೂಜೆ ಮುಗಿಸಿದ್ದರು. ಮಣ್ಣು ದೂಡುವ ಬ್ಲೇಡನ್ನು ಹಿಡಿದಿರುವ ಎರಡು ದಪ್ಪ ತೋಳುಗಳ ಮೇಲೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಎಡತೋಳಿನ ವಿಭೂತಿ ಹಗುರಾಗಿತ್ತು, ಬಲತೋಳಿನದು ಸುಣ್ಣ ಬಳಿದಷ್ಟು ದಪ್ಪ. ನಾನು ಮೊದಲು ಕೈಮುಗಿದೆ, ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಕೇಳಿದೆ.

"ದೇವರ ವಿಭೂತಿ ಒರಸ್ತೀರೇನ್ರಿ?" ಎಂದು ಮಾರುವವರು ಅಡ್ಡ ಬಂದರು.

"ದೇವರು ಸಿಟ್ಟಾಗೋದಿಲ್ರಿ. ನೀವ್ಯಾಕ ಆಗ್ತೀರಿ?" ಎಂದೆ.

ಒರೆಸಿದರೆ ಕೆಳಗೆ ಕೂದಲೆಳೆಯಷ್ಟು ಸಣ್ಣ ಬಿರುಕು, ಅದರ ಮೇಲೆ ಅವಸರದ ವೆಲ್ಡಿಂಗು. ವಿಭೂತಿಗೆ ಯಾರೂ ಕೈ ಹಚ್ಚುವುದಿಲ್ಲ ಎಂಬ ಧೈರ್ಯದ ಮೇಲೆ ನಡೆದ ವ್ಯಾಪಾರ ಅದು. ಕಾಶಿನಾಥ ಆ ಮಷೀನು ಬಿಟ್ಟರು, ನನ್ನನ್ನು ಹಿಡಿದುಕೊಂಡರು. ಅಂದಿನಿಂದ ನಾನು ಯಾವ ಮಷೀನಿನ ಹತ್ತಿರ ಹೋದರೂ ಪೂಜೆ ಎಲ್ಲಿದೆಯೋ ಅಲ್ಲಿಯೇ ಮೊದಲು ಒರೆಸುತ್ತಿದ್ದೆ. ಕುಂಕುಮ ಕಂಡರೆ ಅದರ ಕೆಳಗೆ ಬಿರುಕು ಇದೆಯೆಂದೇ ನನ್ನ ಮನಸ್ಸು ಹೇಳುತ್ತಿತ್ತು.

ಆಮೇಲೆ ಬರದ ವರ್ಷಗಳು ಬಂದವು. ಕೆರೆ ಒಣಗಿದಾಗಲೇ ಅದರ ಹೂಳು ತೆಗೆಯಲು ಬರುವುದು. ಹೀಗಾಗಿ ಮಳೆ ಹೋದ ಕಡೆಯೆಲ್ಲ ಡೋಜರಿಗೆ ಕರೆ ಬಂತು. ಅತ್ತ ಜನ ಊರು ಬಿಟ್ಟು ಹೈದರಾಬಾದು, ಪುಣೆ ಎಂದು ಹೊರಟರೆ, ಇತ್ತ ಅವರು ಬಿಟ್ಟುಹೋದ ಕೆರೆಗಳಿಗೆ ನಮ್ಮ ಮಷೀನುಗಳು ಇಳಿಯುತ್ತಿದ್ದವು. ಊರಲ್ಲಿ ಉಳಿದವರು ಮಷೀನಿನ ಬೆನ್ನು ಹತ್ತುತ್ತಿದ್ದರು. ಡೋಜರ್ ಮಣ್ಣು ದೂಡುತ್ತ ಹೋದಂತೆ ಜಾಲಿಯ ಬೇರು ಮೇಲೆ ಬರುತ್ತದೆ. ಅದನ್ನು ಉರುವಲಿಗೆ ಆರಿಸಿಕೊಳ್ಳಲು ಹೆಂಗಸರು, ಮಕ್ಕಳು ಹಿಂದೆ ಹಿಂದೆಯೇ ನಡೆಯುತ್ತಿದ್ದರು. ಡೋಜರ್ ಎಂದರೆ ಮುಂದೆ ದೂಡಿ, ಹಿಂದೆ ಬಂದು, ಮತ್ತೆ ಮುಂದೆ ದೂಡುವ ಮಷೀನು. ಅದರ ಬೆನ್ನಿಗೆ ಯಾರೂ ನಿಲ್ಲಬಾರದು. ಆದರೆ ಒಲೆಗೆ ಕಟ್ಟಿಗೆ ಇಲ್ಲದವರಿಗೆ ಅದನ್ನು ಹೇಳುವ ಬಾಯಿ ಯಾರಿಗಿತ್ತು?

ಕಾಶಿನಾಥರಿಗೆ ಆಗ ಒಂದು ಡೋಜರ್ ಬೇಕಾಯಿತು. ಅದನ್ನು ಓಡಿಸುವವನು ಅವರ ಹೆಂಡತಿ ಶರಣಮ್ಮನ ತಮ್ಮ ಮಾರುತಿ. ಅವನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಾತು ಕಡಿಮೆ, ಕೈ ಹದವಾದ ಮನುಷ್ಯ. ಔರಾದ ತಾಲೂಕಿನ ಒಂದು ಊರಲ್ಲಿ ಮಷೀನು ಇದೆಯೆಂದು ತಿಳಿದು ನಾವು ಮೂವರೂ ಭಾಲ್ಕಿಯಿಂದ ಹೊರಟ ಬೆಳಿಗ್ಗೆ ಶರಣಮ್ಮ ಜೀಪಿನ ಹತ್ತಿರ ಬಂದು ನನಗೊಬ್ಬನಿಗೇ ಕೇಳುವಂತೆ ಹೇಳಿದರು.

"ಅಣ್ಣಾ, ಇವರಿಗಿ ಮಷೀನಿನ ಚಿಂತಿ. ನನಗ ನಮ್ಮ ಮಾರುತಿ ಚಿಂತಿ. ಅಂವ ಕೂಡೋ ಸೀಟ ಅದು. ಅಂವ ದಿನಾ ಮನಿಗಿ ಹೊಳ್ಳಿ ಬರ್ತಾನ ಅಂತ ನಿಮಗ ಅನಿಸಿದ್ರಷ್ಟೇ ಹೂಂ ಅನ್ರಿ."

ಆಯಿತು ತಂಗಿ ಎಂದೆ. ಹೇಳುವುದು ಸುಲಭವಾಗಿತ್ತು.

ಕಮಲನಗರ ದಾಟಿ ಕಚ್ಚಾ ರಸ್ತೆ ಹಿಡಿದೆವು. ಊರಿನ ಹೆಸರು ಬರೆಯುವುದಿಲ್ಲ. ಈಗ ಅಲ್ಲಿ ನೀರಿದೆ, ಜನ ಇದ್ದಾರೆ, ಅವರಿಗೆ ಬೇಡದ ನೆನಪು ಏಕೆ? ಅಂದು ಮಾತ್ರ ನಾಯಿಯೂ ಬೊಗಳಲಿಲ್ಲ. ಓಣಿಯ ಎರಡೂ ಬದಿಯ ಬಾಗಿಲುಗಳಿಗೆ ಕೀಲಿ ಬಿದ್ದಿತ್ತು. ಮಾರುತಿ ನನ್ನ ತೋಳು ಮುಟ್ಟಿ, "ಕಾಕಾ, ಹೊಸ್ತಿಲ ನೋಡ್ರಿ" ಎಂದ. ನೋಡಿದೆ. ಕೀಲಿ ಹಾಕಿದ ಪ್ರತಿ ಮನೆಯ ಹೊಸ್ತಿಲ ಮೇಲೂ ಅಂದೇ ಇಟ್ಟ ಹಸಿ ಕುಂಕುಮವಿತ್ತು. ಒಳಗೆ ಯಾರೂ ಇಲ್ಲದ ಅಷ್ಟು ಮನೆಗಳು ನಮ್ಮನ್ನು ನೋಡಲು ಸಿಂಗಾರವಾಗಿ ನಿಂತಂತಿತ್ತು. ನನಗೆ ಹೆದರಿಕೆಯಾಯಿತು. ಹೆಡ್ ಮಿಸ್ತ್ರಿಗೆ ಹೆದರಿಕೆಯಾದರೆ ಕೆಮ್ಮಬೇಕು, ಕೆಮ್ಮಿದೆ.

ಕೆಮ್ಮಿಗೆ ಉತ್ತರವೆಂಬಂತೆ ಕೀಲಿಕೈಗಳ ಗೊಂಚಲು ಅಲುಗಿದ ಸದ್ದು ಕೇಳಿತು. ಓಣಿಯ ತುದಿಯಿಂದ ಒಬ್ಬ ಮುದುಕಿ ಬಂದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟಿನಲ್ಲಿ ಊರಿನ ಕೀಲಿಕೈಗಳೆಲ್ಲ ಇದ್ದವು. ಹೆಸರು ಗುಂಡಮ್ಮ.

"ಎಲ್ಲಾರೂ ದುಡೀಲಿಕ್ಕ ಹೋಗ್ಯಾರ್ರಿ. ಕೀಲಿಕೈ ನನ್ನ ಬಲ್ಲಿ ಕೊಟ್ಟು ಹೋಗ್ಯಾರ" ಎಂದಳು. "ಮುಂಜಾನಿ ಎದ್ದು ಎಲ್ಲಾ ಹೊಸ್ತಿಲಿಗಿ ಬೊಗಸಿ ನೀರು ಚಿಮುಕಿಸಿ ಕುಂಕುಮ ಇಡ್ತೇನಿ. ನಮ್ಮವರು ಇದ್ದಾರ ಅಂತ ಮನಿಗಿ ತಿಳೀಬೇಕಲ್ರಿ. ಇಲ್ಲಂದ್ರ ಮನಿ ಜನರಿಗಿ ಮರೀತದ."

ಡೋಜರಿನ ಕೀಲಿಕೈಯೂ ಅದೇ ಗೊಂಚಲಿನಲ್ಲಿತ್ತು. ಮಾಲೀಕರು ಔರಾದದಲ್ಲಿಯೇ ಉಳಿದಿದ್ದರು. ಮಾರುವವನು ಮಷೀನಿನ ಹತ್ತಿರ ಬರದೆ ಇರುವುದನ್ನು ನನ್ನ ಇಡೀ ವೃತ್ತಿಯಲ್ಲಿ ನಾನು ಕಂಡದ್ದು ಅಲ್ಲೊಂದೇ ಕಡೆ. ಸಾಮಾನ್ಯವಾಗಿ ಅವರನ್ನು ದೂರ ಕಳಿಸುವುದೇ ನಮಗೆ ದೊಡ್ಡ ಕೆಲಸ.

ಮಷೀನು ಒಣಗಿದ ಕೆರೆಯ ಅಂಚಿನಲ್ಲಿ ಬೇವಿನ ಮರದ ನೆರಳಿಗೆ ನಿಂತಿತ್ತು. ಇಂಜಿನ್ ಮುಟ್ಟಿದೆ, ತಣ್ಣಗಿತ್ತು. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡೆ, ಕಬ್ಬಿಣದ ಹುಡಿ ಇರಲಿಲ್ಲ. ಬ್ಲೇಡಿನ ತೋಳು ಸುತ್ತಿಗೆಯಿಂದ ಬಡಿದೆ, ಗಂಟೆಯ ಹಾಗೆ ನಾದ ಕೊಟ್ಟಿತು. ಬಿರುಕಿದ್ದರೆ ಒಡೆದ ಗಡಿಗೆಯ ಸದ್ದು ಬರುತ್ತದೆ. ಮಷೀನಿನ ಮುಂಭಾಗದಲ್ಲಿ ಎಲ್ಲಿಯೂ ವಿಭೂತಿ, ಕುಂಕುಮ ಇಲ್ಲ. ಕಾಶಿನಾಥರ ಮುಖ ಅರಳಿತು. ಇಷ್ಟು ಒಳ್ಳೆಯ ಮಷೀನನ್ನು ಯಾರಾದರೂ ಏಕೆ ಮಾರುತ್ತಾರೆ ಎಂದು ನನಗೆ ಒಳಗೊಳಗೇ ಕಸಿವಿಸಿಯಾಯಿತು.

ಆಮೇಲೆ ಸೀಟಿನ ಮೇಲೆ ಕುಳಿತೆ. ಕುಳಿತ ಕೂಡಲೇ ಮೈ ಎಡಕ್ಕೆ ಜಾರಿತು. ಸೀಟಿನ ಎಡಭಾಗ ತಗ್ಗಿ ಕುಳಿಯಾಗಿತ್ತು, ಬೆನ್ನಿನ ದಿಂಬು ಬಲಕ್ಕೆ ಮಾತ್ರ ಹರಿದಿತ್ತು. ಎಡಗೈಯಿಡುವ ತಗಡಿನ ಬಣ್ಣ ಸವೆದು ಒಂದು ಅಂಗೈಯ ಆಕಾರ ಮೂಡಿತ್ತು. ಆ ಆಕಾರದ ಮೇಲೆ ನನ್ನ ಕೈಯಿಟ್ಟೆ. ಇಟ್ಟ ಹಾಗೆ ನನ್ನ ಭುಜ ಹೊರಳಿ, ಕತ್ತು ಹೊರಳಿ, ನಾನು ಹಿಂದೆ ನೋಡುತ್ತಿದ್ದೆ.

ಇದನ್ನು ತಿಳಿಸಿ ಹೇಳಬೇಕು. ಕೆಲವು ಡೋಜರುಗಳ ಬೆನ್ನಿಗೆ ನೆಲ ಸೀಳುವ ದೊಡ್ಡ ಕೊಕ್ಕೆ ಇರುತ್ತದೆ. ಅಂಥವನ್ನು ಓಡಿಸುವವರು ದಿನವಿಡೀ ಹಿಂದೆಯೇ ನೋಡಬೇಕು, ಅವುಗಳ ಸೀಟು ಹೀಗೆ ಸವೆಯುತ್ತದೆ. ಈ ಮಷೀನಿಗೆ ಕೊಕ್ಕೆ ಇರಲಿಲ್ಲ. ಎಂದಾದರೂ ಇತ್ತೆಂಬುದಕ್ಕೆ ಬೋಲ್ಟಿನ ತೂತೂ ಇರಲಿಲ್ಲ. ಮತ್ತೆ ಇದರ ಆಪರೇಟರ್ ಇಷ್ಟು ಕಾಲ, ಸೀಟು ಕುಳಿ ಬೀಳುವವರೆಗೆ, ಹಿಂದೆ ಏನು ನೋಡುತ್ತಿದ್ದ?

ಇಳಿದು ಹಿಂದೆ ಹೋದೆ. ಗಾಲಿಯ ಬದಲು ಇರುವ ಎಡಗಡೆಯ ಚೈನನ್ನು ಎಳೆಯುವ ಹಲ್ಲುಚಕ್ರದ ಪಕ್ಕದ ತಗಡಿನ ಮೇಲೆ ಕುಂಕುಮವಿತ್ತು. ಹಸಿ ಕುಂಕುಮ. ಮಷೀನಿನ ಹಿಂಭಾಗಕ್ಕೆ ಪೂಜೆ ಮಾಡುವವರನ್ನು ನಾನು ಕಂಡಿರಲಿಲ್ಲ. ಸಿಕ್ಕಿತು ಕಳ್ಳತನ ಎಂದುಕೊಂಡೆ. ಬಟ್ಟೆ ತೆಗೆದು ಒರೆಸಿದೆ. ಕೆಳಗೆ ನುಣುಪಾದ ಕಬ್ಬಿಣ. ಉಗುರಿನಿಂದ ಕೆರೆದೆ. ಏನೂ ಇಲ್ಲ. ಎಷ್ಟು ನೋಡಿದರೂ ಆ ಕುಂಕುಮ ಏನನ್ನೂ ಮುಚ್ಚಿರಲಿಲ್ಲ.

ಬೇವಿನ ಬುಡದಲ್ಲಿ ಕುಳಿತಿದ್ದ ಗುಂಡಮ್ಮ ನನ್ನ ಕೈಯಲ್ಲಿನ ಕೆಂಪಾದ ಬಟ್ಟೆಯನ್ನು ನೋಡಿದಳು.

ತಂದಿದ್ದ ಬ್ಯಾಟರಿ ಜೋಡಿಸಿ ಮಾರುತಿ ಚಾಲೂ ಮಾಡಿದ. ಮೊದಲ ಸುತ್ತಿಗೇ ಇಂಜಿನ್ ಹತ್ತಿಕೊಂಡಿತು. ಕೆರೆಯಂಗಳಕ್ಕೆ ಇಳಿಸಿ ಮುಂದೆ ಓಡಿಸು ಎಂದೆ. ಸ್ವಲ್ಪ ದೂರ ಹೋಗುವುದರೊಳಗೆ ಮಾರುತಿ ತಟ್ಟನೆ ನಿಲ್ಲಿಸಿ ಎಡಕ್ಕೆ ಹೊರಳಿ ಹಿಂದೆ ನೋಡಿದ. ಮತ್ತೆ ಹೊರಟ, ಮತ್ತೆ ನಿಲ್ಲಿಸಿದ. ನಾನು ಓಡುತ್ತ ಹೋಗಿ ಏನೆಂದು ಕೇಳಿದೆ.

"ಯಾರೋ ಕರೀಲತ್ತಾರ್ರಿ" ಎಂದ.

"ಯಾರಿಲ್ಲೋ ಇಲ್ಲಿ. ನಡಿ, ನಾ ಬಾಜೂಕೇ ಬರ್ತೇನಿ."

ಪಕ್ಕದಲ್ಲಿ ನಡೆದಾಗ ನನಗೂ ಕೇಳಿತು. ಇಂಜಿನ್ನಿನ ಗದ್ದಲದ ಮೇಲೆ ಸಣ್ಣಗೆ, ತೆಳ್ಳಗೆ, ಕೂತವನ ಎಡಭುಜದ ಹಿಂದಿನಿಂದ, "ಕಾ... ಕಾ..." ನಮ್ಮ ಕಡೆ ಮಕ್ಕಳು ಕಂಡಕಂಡ ಗಂಡಸರನ್ನೆಲ್ಲ ಕಾಕಾ ಎಂದು ಕರೆಯುವುದು ಹಾಗೆಯೇ. ಚೈನು ಒಂದು ಸುತ್ತು ಬಂದಾಗ ಒಮ್ಮೆ. ಮತ್ತೊಂದು ಸುತ್ತಿಗೆ ಮತ್ತೊಮ್ಮೆ.

ಮಿಸ್ತ್ರಿಯ ಜೀವಕ್ಕೆ ಸಮಾಧಾನವಾಯಿತು. ಇದು ನನಗೆ ಗೊತ್ತಿದ್ದ ರೋಗ. ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನುಗಳಲ್ಲಿ ಒಂದು ಒಳಗಿನ ಎಣ್ಣೆ ಹೋಗಿ ಒಣಗಿದರೆ, ಅದು ಹಲ್ಲುಚಕ್ರದ ಮೇಲೆ ಬಾಗುವಾಗ ಒಮ್ಮೆ ಕಿರಗುಟ್ಟುತ್ತದೆ, ಬಿಡಿಸಿಕೊಳ್ಳುವಾಗ ಇನ್ನೊಮ್ಮೆ. ನಿಲ್ಲಿಸಲು ಹೇಳಿ, ಪಿನ್ನುಗಳ ತಲೆ ಒಂದೊಂದಾಗಿ ಮುಟ್ಟುತ್ತ ಬಂದೆ. ಒಣಗಿದ್ದು ಉಳಿದವಕ್ಕಿಂತ ಬಿಸಿಯಾಗಿರುತ್ತದೆ. ಹಿಂದೆ, ಹಲ್ಲುಚಕ್ರದ ಹತ್ತಿರ, ಒಂದು ಪಿನ್ನು ಕೈ ಸುಟ್ಟಿತು.

"ಸಿಕ್ತು ನೋಡ್ರಿ ನಿಮ್ಮ ಭೂತ" ಎಂದು ಕಾಶಿನಾಥರ ಕಡೆ ಕೂಗಿ ನಕ್ಕೆ.

ಆಗ ನನ್ನ ಬೆನ್ನ ಹಿಂದೆ, ಹತ್ತಿರದಲ್ಲಿ, "ಕಾಕಾ" ಎಂದಿತು.

ಮಷೀನು ನಿಂತಿತ್ತು. ಚೈನು ಅಲುಗಿರಲಿಲ್ಲ. ನಾನು ಹೊರಳಿದೆ, ಸೀಟಿನ ಮೇಲೆ ಮಾರುತಿಯೂ ಹೊರಳಿದ್ದ. ಬಿರುಕುಬಿಟ್ಟ ಕೆರೆಯಂಗಳ ಬಿಟ್ಟು ಅಲ್ಲಿ ಏನೂ ಇರಲಿಲ್ಲ. ಬಿಸಿಯಾದ ಕಬ್ಬಿಣ ಆರುವಾಗ ಸದ್ದು ಮಾಡುತ್ತದೆ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅಂದು ನನಗೂ ಹೇಳಿಕೊಂಡೆ. ಆದರೆ ಆ ಪಿನ್ನು ಇನ್ನೂ ನನ್ನ ಬೆರಳು ಸುಡುತ್ತಿತ್ತು, ಆರತೊಡಗಿರಲಿಲ್ಲ. ಮಾರುತಿ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿದೆವು. ಕಾಶಿನಾಥರಿಗೆ ಏನೂ ಕೇಳಿರಲಿಲ್ಲ.

ಗುಂಡಮ್ಮ ಎದ್ದು ಬಂದಳು. ನಾನು ಒರೆಸಿದ ಜಾಗದ ಮುಂದೆ ನಿಂತಳು.

"ಸೀಳಿಕಿ ಹುಡಕದ್ರೇನ್ರಿ ಮಿಸ್ತ್ರಿ?" ಎಂದಳು.

"ಹೌದವ್ವಾ. ಪೂಜಾ ಇದ್ದಲ್ಲೇ ಬಿರುಕು ಇರ್ತದ."

"ಇದು ಪೂಜಾ ಅಲ್ಲಪ್ಪಾ. ಇದೂ ಒಂದು ಹೊಸ್ತಿಲ. ಲಚ್ಚಿದು."

ಆಮೇಲೆ ಅವಳು ಹೇಳಿದ್ದು ಇಷ್ಟು. ಲಚ್ಚಿ ಅದೇ ಊರಿನ ಹುಡುಗಿ, ಎಲ್ಲರ ಹಾಗೆ ತಾಯಿಯ ಜೊತೆ ಬೇರು ಆರಿಸಲು ಬರುತ್ತಿದ್ದಳು. ಮಷೀನು ಓಡಿಸುತ್ತಿದ್ದವನು ಶಿವರಾಯ. ದೊಡ್ಡ ಬೇರು ಕಂಡರೆ ಲಚ್ಚಿ "ಕಾಕಾ" ಎಂದು ಕರೆಯುತ್ತಿದ್ದಳು, ಅವನು ನಿಲ್ಲಿಸುತ್ತಿದ್ದ, ಅವಳು ಎಳೆದುಕೊಳ್ಳುತ್ತಿದ್ದಳು. ಹಾಗಿರುವಾಗ ಆ ಪಿನ್ನು ಒಣಗಿತು. ಶಿವರಾಯ ಮೊದಮೊದಲು ಪ್ರತಿ ಸಲ ಹೊರಳಿ ನೋಡಿದ. ಯಾರೂ ಇರುತ್ತಿರಲಿಲ್ಲ. ಕಬ್ಬಿಣಕ್ಕೆ ಓಗೊಡುವ ಕಾಕಾ ಎಂದು ಜನ ನಕ್ಕರು. ನಗೆಗೆ ಅಂಜಿ ನೋಡುವುದು ಬಿಟ್ಟ. ಒಂದು ದಿನ ಕರೆದದ್ದು ಪಿನ್ನಲ್ಲ. ಅವನು ನೋಡದೆ ಮಷೀನನ್ನು ಹಿಂದಕ್ಕೆ ತೆಗೆದುಕೊಂಡ, ಲಚ್ಚಿ ಎಡಗಡೆಯ ಚೈನಿನ ಹಿಂದೆಯೇ ಇದ್ದಳು.

ಕಾಶಿನಾಥ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಆಮ್ಯಾಲ ಅಂವ ಒಂದ್ಸಲನೂ ನೋಡಲಾರದ ಬಿಟ್ಟಿಲ್ರಿ" ಎಂದಳು ಗುಂಡಮ್ಮ. "ಮಷೀನಿನ ಸಾವಕಾರರು ಪಿನ್ ಬದಲಿ ಮಾಡ್ಲಿಕ್ಕ ಮಂದಿ ಕಳಿಸಿದ್ರ ಹೊಳ್ಳಿ ಕಳಿಸ್ತಿದ್ದ. ಅದು ಕರೀಲಿ, ಕರೆದ್ರ ನಾ ನೋಡ್ತೇನಿ ಅಂತಿದ್ದ. ಊರು ಖಾಲಿ ಆದಾಗ ಅಂವನೂ ಹೋದ. ಲಚ್ಚಿ ಅವ್ವ ಪುಣೆಕ್ಕ ಹೋಗೋ ದಿನ ಕೀಲಿಕೈ ಕೊಟ್ಟು, ಈ ಜಾಗ ತೋರಿಸಿ, ಇಲ್ಲೂ ಇಡು ಅಂದ್ಲು."

ಗುಂಡಮ್ಮ ಕುಂಕುಮದ ಭರಣಿ ಬಿಚ್ಚಿ ನನ್ನ ಮುಂದೆ ಹಿಡಿದಳು. ನಾನೇ ಒರೆಸಿದ್ದು, ನಾನೇ ಇಟ್ಟೆ.

ಇನ್ನು ನನ್ನ ಕೆಲಸ. ಕೊಂಡುಕೊಳ್ಳಬಹುದೇ ಎಂದು ಕಾಶಿನಾಥ ಕೇಳಿದರು. ಮಷೀನು ಒಳ್ಳೆಯದೇ, ಆದರೆ ಪಿನ್ನು ಬದಲಿಸಲೇಬೇಕು ಎಂದೆ. ಒಣಗಿದ ಪಿನ್ನು ಸವೆದು ಸವೆದು ಒಂದು ದಿನ ಚೈನು ಕಡಿಯುತ್ತದೆ. ಏರಿಯ ಇಳಿಜಾರಿನಲ್ಲಿ ಕಡಿದರೆ ಆ ಮಗ್ಗುಲಿನ ಬ್ರೇಕಿಗೂ ಅರ್ಥವಿಲ್ಲ, ಮಷೀನು ಉರುಳುತ್ತದೆ, ಕೂತವನು ಉಳಿಯುವುದಿಲ್ಲ. ಗುಂಡಮ್ಮ ನನ್ನನ್ನೇ ನೋಡುತ್ತಿದ್ದಳು.

"ಅದರ ಬಾಯಿ ಮುಚ್ಚಿದ್ರ ಹಿಂದಿನವರ ಗತಿ ಏನ್ರಿ?" ಎಂದಳು.

ಪಿನ್ನನ್ನು ಹಾಗೆಯೇ ಬಿಟ್ಟರೆ ಮಾರುತಿಗೆ ಅಪಾಯ, ಬದಲಿಸಿದರೆ ಅವನ ಬೆನ್ನ ಹಿಂದಿನ ಮಕ್ಕಳಿಗೆ. ಹಿಂದೆ ಅಂಥದ್ದೇನಾದರೂ ಆಗಿಹೋದರೆ ಮಾರುತಿಯೂ ಶಿವರಾಯನ ಹಾಗೆ ಆ ಸೀಟಿನಲ್ಲಿಯೇ ಉಳಿಯುವವನು, ಮನೆಗೆ ಹೊಳ್ಳುವವನಲ್ಲ. ದಿನಾ ಮನೆಗೆ ಹೊಳ್ಳಿ ಬರುವವನಿದ್ದರಷ್ಟೇ ಹೂಂ ಅನ್ನಿ ಎಂದಿದ್ದರು ಶರಣಮ್ಮ. ಬ್ಲೇಡು, ಇಂಜಿನ್, ಬ್ರೇಕು, ಎಲ್ಲ ಮುಟ್ಟಿ ಹೇಳಬಲ್ಲೆ. ಮನುಷ್ಯ ನಾಳೆ ಹಿಂದೆ ನೋಡುತ್ತಾನೋ ಇಲ್ಲವೋ ಎಂದು ಏನು ಮುಟ್ಟಿ ಹೇಳಲಿ?

ಕಾಶಿನಾಥ ಮಷೀನು ಕೊಂಡರು. ಬೀದರಿಗೆ ತರಿಸಿ ಆ ಪಿನ್ನನ್ನು ನಾನೇ ಒತ್ತಿ ಹೊರತೆಗೆದೆ. ಒಂದು ಮಗ್ಗುಲು ಸವೆದು ಅರ್ಧವಾಗಿತ್ತು. ಹೊಸದು ಕೂಡಿಸಿ ಅಂಗಳದಲ್ಲಿ ಓಡಿಸಿ ನೋಡಿದೆ. ಸದ್ದು ನಿಂತಿತ್ತು. ಅದು ನಿಂತದ್ದು ನನಗೆ ಸಂತೋಷ ಕೊಡಲಿಲ್ಲ. ಸೀಟು ಬದಲಿಸಲೇ ಎಂದರೆ ಮಾರುತಿ ಬೇಡವೆಂದ. ಆ ಕುಂಕುಮವನ್ನೂ ತೊಳೆಯಲು ಬಿಡಲಿಲ್ಲ. ಇಷ್ಟೆಲ್ಲ ಆದರೂ ಶರಣಮ್ಮನಿಗೆ ನಾನಿನ್ನೂ ಹೂಂ ಅಂದಿರಲಿಲ್ಲ. ಅವರೂ ಮತ್ತೆ ಕೇಳಲಿಲ್ಲ, ನನ್ನ ಮುಖ ನೋಡುತ್ತಿದ್ದರು ಅಷ್ಟೇ.

ಭಾಲ್ಕಿ ಕಡೆಯ ಒಂದು ಕೆರೆಯಲ್ಲಿ ಕೆಲಸ ಶುರುವಾದ ದಿನ ನಾನೂ ಹೋದೆ. ಶರಣಮ್ಮ ರೊಟ್ಟಿಯ ಗಂಟು ಹಿಡಿದು ಏರಿಯ ಮೇಲೆ ನಿಂತಿದ್ದರು. ಡೋಜರ್ ಇಳಿದದ್ದೇ ತಡ, ಬುಟ್ಟಿ ಹಿಡಿದ ಹೆಂಗಸರು, ಮಕ್ಕಳು ಎಲ್ಲಿಂದಲೋ ಬಂದು ಬೆನ್ನು ಹತ್ತಿದರು. ಮಾರುತಿ ಮುಂದೆ ದೂಡಿದ, ನಿಲ್ಲಿಸಿದ, ಎಡಗೈಯನ್ನು ಆ ಸವೆದ ಅಂಗೈ ಗುರುತಿನ ಮೇಲಿಟ್ಟು ಪೂರಾ ಹೊರಳಿ ಹಿಂದೆ ನೋಡಿದ. ಮಕ್ಕಳು ಸರಿದ ಮೇಲೆ ಹಿಂದೆ ತಂದ. ಮತ್ತೆ ಮುಂದೆ, ಮತ್ತೆ ಹೊರಳಿ ನೋಡಿದ. ಪಿನ್ನು ನಾನೇ ಬದಲಿಸಿದ್ದೆ, ಮಷೀನು ತುಟಿ ಬಿಚ್ಚುತ್ತಿರಲಿಲ್ಲ. ಮತ್ತೆ ಇವನಿಗೆ ಏನು ಕೇಳುತ್ತಿದೆ?

ನೀರು ಕುಡಿಯಲು ಏರಿಗೆ ಬಂದಾಗ ಮೆಲ್ಲಗೆ ಕೇಳಿದೆ. "ಮಾರುತಿ, ಇನ್ನೂ ಕರೀತದೇನೋ?"

ಅವನು ತಂಬಿಗೆ ಕೆಳಗಿಟ್ಟು ಬಾಯಿ ಒರೆಸಿಕೊಂಡ.

"ಇಲ್ರಿ ಕಾಕಾ. ಈಗ ಕರೀವಲ್ದು. ಅದಕ್ಕೇ ಪ್ರತಿ ಸಲ ನೋಡ್ಲತ್ತೇನಿ."

ಅವನು ಹೊರಳಿ ಕೆರೆಗೆ ಇಳಿದು ಹೋದ. ಶರಣಮ್ಮ ರೊಟ್ಟಿಯ ಗಂಟು ಬಿಚ್ಚುತ್ತ ಕುಳಿತಿದ್ದರು. ಹತ್ತಿರ ಹೋಗಿ ನಿಂತೆ. ಅವರು ತಲೆಯೆತ್ತಿ ನೋಡಿದರು.

"ಹೂಂ, ತಂಗಿ" ಎಂದೆ.